ಯಜಮಾನನ ಕೊಕ್ಕೆ

ಆ ಬೀದಿಯಲ್ಲಿ ಹೂಜಿ ಅಂದರೆ ನೀರು ತುಂಬಿಡುವ ಪಾತ್ರೆಯಲ್ಲ, ಮನುಷ್ಯ. ಫ್ರಿಜ್ಜು, ಏಸಿ ರಿಪೇರಿ ಮಾಡುವ, ಐವತ್ತು ದಾಟಿದ, ಯಾರ ತಂಟೆಗೂ ಹೋಗದ ಬೋಳುತಲೆಯ ಮನುಷ್ಯ. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. "ಹೂಜಿ ಇದ್ದಾನಾ? ನಮ್ಮ ಫ್ರಿಜ್ಜು ಗೊರಗೊರ ಅಂತಿದೆ" ಎಂದೇ ಜನ ಬಾಗಿಲು ತಟ್ಟುತ್ತಿದ್ದರು. ಹೆಸರು ಅಂಟಿಕೊಂಡದ್ದು ಅವನು ಮಹಡಿಯ ಮೇಲೆ ಬೆಳೆಸುವ ಗಿಡಗಳಿಂದ.

ಹುಳ ತಿನ್ನುವ ಹೂಜಿ ಗಿಡಗಳು ಅವು. ಎಲೆಯ ತುದಿ ದಾರದಂತೆ ಇಳಿದು, ದಾರದ ತುದಿ ಊದಿಕೊಂಡು, ಮುಚ್ಚಳ ಸಮೇತ ಒಂದು ಪುಟ್ಟ ಹೂಜಿಯಾಗುತ್ತದೆ. ಬಾಯಿಯ ಸುತ್ತ ಸಿಹಿ. ಸಿಹಿಗೆ ಬಂದ ನೊಣ ಕಾಲು ಜಾರಿ ಒಳಗೆ ಬಿದ್ದರೆ ಮುಗಿಯಿತು, ಒಳಗಿನ ರಸದಲ್ಲಿ ಕರಗಿ ಗಿಡದ ಹೊಟ್ಟೆ ಸೇರುತ್ತದೆ. ಅದು ಹೂವಲ್ಲ, ಎಲೆ. ಇದನ್ನು ಹೂಜಿ ಸಾವಿರ ಸಲ ಹೇಳಿದ್ದಾನೆ. ನೋಡಲು ಬಂದವರು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಇಳಿಯುವಾಗ "ಹೂವು ಬಹಳ ಚೆನ್ನಾಗಿವೆ" ಎಂದು ಹೇಳಿಯೇ ಹೋಗುತ್ತಾರೆ. ಹೋಗಲಿ ಬಿಡಿ, ಅವರಿಗೆ ಏನು ಹೇಳಿ ಏನು ಫಲ!

ಈ ಗಿಡಗಳಿಗೆ ನಲ್ಲಿ ನೀರು ಆಗಿಬರುವುದಿಲ್ಲ. ನೀರಿನ ಉಪ್ಪು ಬೇರನ್ನು ಸುಟ್ಟುಬಿಡುತ್ತದೆ. ಆದರೆ ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ. ಹಾಗಾಗಿ ಹೂಜಿ ತಾನು ನೋಡಿಕೊಳ್ಳುವ ಬ್ಯಾಂಕು, ಹಲ್ಲಿನ ಆಸ್ಪತ್ರೆ, ಮೊಬೈಲ್ ಅಂಗಡಿಗಳ ಹಿಂದೆಲ್ಲ ಕ್ಯಾನು ಇಟ್ಟಿದ್ದ. ದಿನಾ ಸಂಜೆ ಸ್ಕೂಟರಿನ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಬರುತ್ತಿದ್ದ. "ಹಾಲಿನವರು ಬಂದ್ರು" ಎಂದು ಹಲ್ಲಿನ ಆಸ್ಪತ್ರೆಯ ನರ್ಸು ತಮಾಷೆ ಮಾಡುತ್ತಿದ್ದಳು. ಅವನಿಗೇನೂ ಬೇಜಾರಿರಲಿಲ್ಲ.

ಬೇಜಾರು, ಗಾಬರಿ, ತಲೆಕೆಟ್ಟು ಹೋಗುವುದು, ಇವೆಲ್ಲ ಶುರುವಾದದ್ದು ಒಂದು ಬುಧವಾರ ಮಧ್ಯಾಹ್ನ. ಅದನ್ನು ಹೇಳುವುದಕ್ಕೆ ಮೊದಲು ಮೇಷ್ಟ್ರ ವಿಷಯ ಹೇಳಬೇಕು.

ಮೇಷ್ಟ್ರು ಅಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೂಜಿಗೆ ಈ ಹುಚ್ಚು ಹಿಡಿಸಿದವರೇ ಅವರು. ಅವರ ಮನೆಯ ಫ್ರಿಜ್ಜು ರಿಪೇರಿಗೆ ಹೋದವನು ಕಿಟಕಿಯಲ್ಲಿ ತೂಗುತ್ತಿದ್ದ ಗಿಡವನ್ನು ಕಂಡು ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಅರ್ಧ ಗಂಟೆ ನಿಂತಿದ್ದ. ಆ ಗಿಡಕ್ಕೆ ಯಜಮಾನ ಎಂದು ಹೆಸರು. ಹೆಸರಿಟ್ಟವರು ಮೇಷ್ಟ್ರ ಹೆಂಡತಿ. ಬೆಳಿಗ್ಗೆ ಎದ್ದು ಕಾಫಿಗಿಂತ ಮುಂಚೆ ಗಿಡದ ಯೋಗಕ್ಷೇಮ ನೋಡುವ ಗಂಡನಿಗೆ ಆಕೆ, "ಈ ಮನೆಗೆ ಯಜಮಾನ ನೀವಲ್ಲ, ಅದು" ಎಂದಿದ್ದರಂತೆ. ಆಕೆ ತೀರಿಕೊಂಡ ಮೇಲೂ ಗಿಡ ಇತ್ತು, ಹೆಸರೂ ಇತ್ತು. ಪ್ರತಿ ವರ್ಷ ಮೇಷ್ಟ್ರು ಅದರ ಒಂದು ಹೂಜಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ತಾರೀಕು ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಚಿತ್ರ. ಯಜಮಾನನಿಗೆ ಒಂದು ವಿಶೇಷ ಇತ್ತು: ಮುಚ್ಚಳದ ಅಡಿಯಲ್ಲಿ, ತುದಿಗೆ ಹತ್ತಿರ, ಬಟ್ಟೆಗೆ ಹಾಕುವ ಹುಕ್ಕಿನಷ್ಟೇ ಗಾತ್ರದ ಒಂದು ಕೊಕ್ಕೆ. ಅಷ್ಟು ಸಣ್ಣದನ್ನು ಬಿಟ್ಟರೆ ನೋಡಲು ಸಾಧಾರಣ ಗಿಡ.

ಹೋದ ವರ್ಷ ಮೇಷ್ಟ್ರು ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರಿದರು. ಮನೆ ನೋಡಿಕೊಳ್ಳಲು ಒಪ್ಪಿದ ಪಕ್ಕದ ಮನೆಯಾಕೆ ತುಂಬ ಒಳ್ಳೆಯ ಹೆಂಗಸು. ಒಳ್ಳೆಯತನವೇ ಮುಳುವಾಯಿತು. ಗಿಡ ಸೊರಗಿದೆ ಪಾಪ ಎಂದು ಕುಂಡಕ್ಕೆ ಎರಡು ಮುಷ್ಟಿ ಗೊಬ್ಬರ ಹಾಕಿದಳು. ಬಡ ಮಣ್ಣಿನಲ್ಲೇ ಬದುಕುವ ಈ ಜಾತಿಗೆ ಗೊಬ್ಬರ ಅಂದರೆ ವಿಷ. ಮೇಷ್ಟ್ರು ಊರುಗೋಲು ಹಿಡಿದು ಮನೆಗೆ ಬರುವಷ್ಟರಲ್ಲಿ ಯಜಮಾನ ಕಪ್ಪಾಗಿ ನಿಂತಿದ್ದ. ಹಿಂದೆ ಹೂಜಿ ಅದರದೊಂದು ಕಡ್ಡಿ ಒಯ್ದು ನೆಟ್ಟಿದ್ದ, ಅದು ಎಂದೋ ಕೊಳೆತುಹೋಗಿತ್ತು. ಇನ್ನು ಉಳಿದಿದ್ದ ಆಸೆ ಒಂದೇ.

ಆ ಆಸೆ ಐದು ವರ್ಷದ ಹಿಂದಿನದು. ಹೂಜಿ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಹೇಳುವವರಿಲ್ಲ, ಎರಡೂ ಒಟ್ಟಿಗೆ ಹೂ ಬಿಡುವುದೂ ಅಪರೂಪ. ಅದಕ್ಕೇ ಗಂಡು ಹೂವಿನ ಹಳದಿ ಪರಾಗವನ್ನು ಕಾಗದದಲ್ಲಿ ಮಡಿಸಿ ಫ್ರಿಜ್ಜಿನಲ್ಲಿಟ್ಟು ಕಾಯಬೇಕು. ಹೂಜಿ ಬೆಳೆಸಿದ್ದ ಹೆಣ್ಣು ಗಿಡ ಹನ್ನೊಂದು ವರ್ಷಕ್ಕೆ ಮೊದಲ ಸಲ ಹೂ ಬಿಟ್ಟಾಗ ಫ್ರಿಜ್ಜಿನ ಡಬ್ಬಿಯಲ್ಲಿ ಎರಡು ಪೊಟ್ಟಣ ಇದ್ದವು. ಒಂದು ಯಜಮಾನನದು. ಇನ್ನೊಂದು ದೂರದ ಊರಿನ ಯಾರೋ ಅಂಚೆಯಲ್ಲಿ ಕಳಿಸಿದ್ದು, ಪಟ್ಟೆಪಟ್ಟೆ ಬಾಯಿಯ ಗಿಡದ್ದು. ಹೂಜಿ ಹೂಗೊಂಚಲಿನ ಕೆಳಗಿನ ಅರ್ಧಕ್ಕೆ ಯಜಮಾನನ ಪರಾಗ ಸವರಿ ಕೆಂಪು ದಾರ ಕಟ್ಟಿದ. ಮೇಲಿನ ಅರ್ಧಕ್ಕೆ ಅಂಚೆಯದು ಸವರಿ ನೀಲಿ ದಾರ. ದಾರ ಕೊಟ್ಟವಳು ಹೆಂಡತಿ. ಮನೆಯಲ್ಲೇ ಹೊಲಿಗೆ ಹಾಕುವ ಆಕೆಯ ಬಳಿ ದಾರಕ್ಕೇನು ಬರ? ಬೀಜ ಎರಡು ಟ್ರೇಗಳಲ್ಲಿ ಮೊಳೆತವು. ಎರಡು ವರ್ಷಕ್ಕೆ ಅರವತ್ತು ಸಸಿ ಉಳಿದಿದ್ದವು. ತಳಿ ಮಾಡುವವರು ಕರುಣೆ ತೋರಿಸಬಾರದು ಎಂದು ಯಾರೋ ಬರೆದದ್ದನ್ನು ಓದಿದ್ದ ಹೂಜಿ, ಚೆಂದವಾದ ಏಳನ್ನು ಇಟ್ಟುಕೊಂಡು ಮಿಕ್ಕ ಐವತ್ತಮೂರನ್ನು ಕಸಕ್ಕೆ ಹಾಕೆಂದು ಹೆಂಡತಿಗೆ ಹೇಳಿದ.

ಕೆಂಪು ಟ್ರೇಯಿಂದ ಬಂದ ಒಂದು ಸಸಿ ಈಗ ಮೈತುಂಬಿ ನಿಂತಿತ್ತು. ಗೇಣುದ್ದದ ಹೂಜಿ, ಕಡು ಕೆಂಪು ಮೈ, ಬಾಯಿಯ ಅಂಚು ಬಳೆಯ ಹಾಗೆ ಮಿರಿಮಿರಿ. ನೋಡಿದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಯಜಮಾನ ಸತ್ತ ದಿನ ಹೂಜಿ ಮೇಷ್ಟ್ರಿಗೆ ಫೋನಿನಲ್ಲಿ, "ಅಳಬೇಡಿ ಮೇಷ್ಟ್ರೇ, ಅವನ ಮಗು ನಮ್ಮ ಮಹಡಿ ಮೇಲಿದೆ" ಎಂದಿದ್ದ. ಮೇಷ್ಟ್ರು ಆ ಕಡೆ ಮೂಗು ಒರೆಸಿಕೊಂಡರು. ಆಮೇಲೆ, "ಮೆಟ್ಟಿಲು ಹತ್ತೋ ಹಾಗಾದ ದಿನ ಬರ್ತೀನಿ ಕಣಯ್ಯಾ. ಅದಕ್ಕೋಸ್ಕರನೇ ನಡೆಯೋದು ಕಲೀತೀನಿ" ಎಂದರು. ಈಗ ಆ ದಿನ ಗೊತ್ತಾಗಿತ್ತು, ಬರುವ ಭಾನುವಾರ.

ಬುಧವಾರ ಮಧ್ಯಾಹ್ನ ಹೂಜಿ ಹೊಲಿಗೆ ಕೋಣೆಯ ನೆಲದ ಮೇಲೆ ಕೂತು ತಗಡಿನ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ "ಯಜಮಾನನ ಸಂತಾನ" ಎಂದು ಬರೆಯುತ್ತಿದ್ದ. ಮಿಷನ್ನಿನ ಸದ್ದು ನಿಂತಿತು. ತಲೆ ಎತ್ತಿದರೆ ಹೆಂಡತಿ ಸೆರಗಿನ ತುದಿಯನ್ನು ಹಿಂಡುತ್ತಾ ಅವನನ್ನೇ ನೋಡುತ್ತಿದ್ದಳು.

"ರೀ, ಅದನ್ನ ಬರೀಬೇಡಿ."

"ಯಾಕೆ? ಅಕ್ಷರ ಸೊಟ್ಟಗಾಯ್ತಾ?"

"ಅಕ್ಷರ ಅಲ್ಲ. ಐದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದೀನಿ, ಇನ್ನು ಆಗಲ್ಲ. ಆ ಹಳದಿ ಪುಡಿ ಇತ್ತಲ್ಲ, ಎರಡು ಪೊಟ್ಟಣ..."

ಹೂಜಿ ಬ್ರಷ್ಷನ್ನು ಮಡಿಲ ಮೇಲೆ ಇಟ್ಟ.

ಊರಿನ ಫ್ರಿಜ್ಜುಗಳನ್ನೆಲ್ಲ ರಿಪೇರಿ ಮಾಡುವ ಮಹಾನುಭಾವನ ಸ್ವಂತ ಮನೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಎಂದು ವರ್ಷಗಟ್ಟಲೆ ಹಾಗೇ ಇತ್ತು. ಒಳಗೆ ಮಂಜುಗಡ್ಡೆ ಕಟ್ಟುತ್ತಿತ್ತು, ತಿಂಗಳಿಗೊಮ್ಮೆ ಆಕೆ ಎಲ್ಲ ಹೊರಗೆ ತೆಗೆದಿಟ್ಟು ಒರೆಸಬೇಕಿತ್ತು. ಹಾಗೆ ತೆಗೆದ ಒಂದು ದಿನ ಡಬ್ಬಿಯನ್ನು ಹೊಲಿಗೆ ಮೇಜಿನ ಮೇಲೆ ಇಟ್ಟಳು. ಮೊಣಕೈ ತಗುಲಿತು. ಡಬ್ಬಿ ಉರುಳಿ, ಎರಡೂ ಪೊಟ್ಟಣ ಬಿಚ್ಚಿಕೊಂಡು, ಹಳದಿ ಪುಡಿ ಕರಿ ಬಟ್ಟೆಯ ಮೇಲೆ ಚೆಲ್ಲಿತು.

"ಎರಡೂ ಒಂದೇ ಥರ ಹಳದಿ ಕಣ್ರೀ. ಯಾವ್ದು ಎಲ್ಲಿ ಬಿತ್ತು ಅಂತ ಗೊತ್ತಾಗ್ಲಿಲ್ಲ. ಕಾರ್ಡಿನಿಂದ ಗುಡಿಸಿ ಎರಡು ಪಾಲು ಮಾಡಿದೆ. ಹೊಸ ಕಾಗದಕ್ಕೆ ಹಾಕಿ, ನಿಮ್ಮ ಅಕ್ಷರದ ಥರಾನೇ ಹೆಸರು ಬರೆದೆ. ನೀವು ಮಾರನೇ ದಿನ ಸವರೋಕೆ ಹೋದ್ರಿ. ಬಯ್ತೀರಾ ಅಂತ ಹೆದ್ರಿ ಬಾಯಿ ಬಿಡಲಿಲ್ಲ."

"ಎರಡು ಪಾಲು ಮಾಡ್ದೆ" ಎಂದ ಹೂಜಿ.

"ಹೂಂ. ಸಮ ಸಮ."

ಸಮ ಸಮ! ಹೂಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಯ್ಯೋಣವೆಂದು ಬಾಯಿ ತೆರೆದ. ಬಾಗಿಲು ಸರಿ ಮಾಡದ ಫ್ರಿಜ್ಜಿನ ನೆನಪು ಬಂದು ಬಾಯಿಗೆ ಬೀಗ ಹಾಕಿತು.

"ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಆಕೆ ಮುಖ ಮುಚ್ಚಿಕೊಂಡಳು.

"ಹಾಕ್ಕೊಂಡೆ ಬಿಡು" ಎಂದ ಅವನು. ಬಣ್ಣದ ಬ್ರಷ್ಷು ಅಷ್ಟರಲ್ಲಿ ಪಂಚೆಗೆ ಅಂಟಿಕೊಂಡಿತ್ತು.

ಅಲ್ಲಿಂದ ನಾಲ್ಕು ದಿನ ಹೂಜಿ ಮನುಷ್ಯನ ಹಾಗಿರಲಿಲ್ಲ. ಆ ಕೆಂಪು ಗಿಡದ ಅಪ್ಪ ಯಾರು? ಯಜಮಾನನೇ ಇರಬಹುದು. ಅಂಚೆಯವನೇ ಇರಬಹುದು. ಎರಡೂ ಪೊಟ್ಟಣದಲ್ಲಿ ಎರಡೂ ಬೆರೆತಿದ್ದ ಮೇಲೆ ಕೆಂಪು ದಾರಕ್ಕೆ ಏನು ಅರ್ಥ, ನೀಲಿ ದಾರಕ್ಕೆ ಏನು ಅರ್ಥ? ಬ್ಯಾಂಕಿನಲ್ಲಿ ಏಸಿ ಬಿಚ್ಚಿಟ್ಟು, ಯಾವ ತಂತಿ ಎಲ್ಲಿಗೆ ಎಂದು ಮರೆತು ಕೂತ. ಹಲ್ಲಿನ ಆಸ್ಪತ್ರೆಯಲ್ಲಿ ಖಾಲಿ ಕ್ಯಾನು ಎತ್ತಿಕೊಂಡು ತುಂಬಿದ್ದನ್ನು ಬಿಟ್ಟು ಬಂದ. "ಏನು ಹಾಲಿನವರೇ, ಪಾತ್ರೆ ಖಾಲಿ!" ಎಂದು ನರ್ಸು ಕೂಗಿದ್ದೂ ಕೇಳಿಸಲಿಲ್ಲ.

ದಿನಕ್ಕೆ ಹತ್ತು ಸಲ ಮಹಡಿಗೆ ಹೋಗಿ ಕೆಂಪು ಹೂಜಿಯ ಮುಚ್ಚಳ ಎತ್ತಿ ನೋಡಿದ. ಅಡಿಯಲ್ಲಿ ನುಣ್ಣಗಿತ್ತು. ಕೊಕ್ಕೆ ಇಲ್ಲ. ಇಲ್ಲವೆಂದು ಅವನಿಗೆ ಮೊದಲೂ ಗೊತ್ತಿತ್ತು. ಗಿಡ ಇನ್ನೂ ದೊಡ್ಡದಾದ ಮೇಲೆ ಬರುತ್ತದೆ, ತಾಯಿಯ ಕಡೆ ಹೋಗಿದೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಆ ಸಮಾಧಾನ ನಿಲ್ಲಲೊಲ್ಲದು. ಹಾಗಂತ ಕೊಕ್ಕೆ ಇಲ್ಲದ ಮಾತ್ರಕ್ಕೆ ಯಜಮಾನನದಲ್ಲ ಅನ್ನುವುದಾದರೂ ಹೇಗೆ? ಹೂಜಿಯ ಸ್ವಂತ ಅಪ್ಪನಿಗೆ ಬೋಳುತಲೆ ಇರಲಿಲ್ಲ, ಅವನಿಗೆ ಇದೆಯಲ್ಲ!

"ಮೇಷ್ಟ್ರಿಗೆ ಏನು ಹೇಳಲಿ?" ಎಂದು ಶನಿವಾರ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ.

"ನಿಮ್ಮದೇ ಅನ್ನಿ. ಮುದುಕರಿಗೆ ಖುಷಿ ಆಗುತ್ತೆ."

"ಸುಳ್ಳು ಆದ್ರೆ?"

"ಸುಳ್ಳು ಅಂತ ನಿಮಗೆ ಗೊತ್ತಾ?"

"ಇಲ್ಲ."

"ನಿಜ ಅಂತ ಗೊತ್ತಾ?"

"ಅದೂ ಇಲ್ಲ ಕಣೇ! ಅದೇ ತಾನೇ ಕರ್ಮ!" ಎಂದು ಅವನು ತಟ್ಟೆ ಬಿಟ್ಟು ಎದ್ದ. ಎದ್ದವನು ಮತ್ತೆ ಕೂತ, ಹಸಿವಾಗಿತ್ತು.

ಭಾನುವಾರ ಹತ್ತು ಗಂಟೆಗೆ ಆಟೋದಿಂದ ಮೇಷ್ಟ್ರು ಇಳಿದರು. ತೆಳ್ಳಗಾಗಿದ್ದರು. ಒಂದು ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಹಳೆಯ ಡ್ರಾಯಿಂಗ್ ಪುಸ್ತಕ. ಹೂಜಿ ಕೈ ಹಿಡಿಯಲು ಹೋದರೆ, "ಬೇಡಯ್ಯಾ, ನಾನೇ ಹತ್ತಬೇಕು" ಎಂದರು. ಹತ್ತೊಂಬತ್ತು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ಹಿಂದೆ ಹಿಂದೆ ಹತ್ತುತ್ತಿದ್ದ ಹೂಜಿಯ ಮನಸ್ಸು ಒಂದು ಮೆಟ್ಟಿಲಿಗೆ ಹೇಳಬೇಕು ಅನ್ನುತ್ತಿತ್ತು, ಇನ್ನೊಂದಕ್ಕೆ ಹೇಳಬಾರದು ಅನ್ನುತ್ತಿತ್ತು. ಹತ್ತೊಂಬತ್ತನೆಯದಕ್ಕೆ ಹೇಳಬಾರದು ಎಂದು ಬಂತು.

"ಇದೇನಾ?" ಎಂದರು ಮೇಷ್ಟ್ರು.

"ಇದೇ ಮೇಷ್ಟ್ರೇ. ನಿಮ್ಮದೇ" ಎಂದುಬಿಟ್ಟ.

ಮೇಷ್ಟ್ರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದರು. "ಎಷ್ಟು ಚೆನ್ನಾಗಿ ಬೆಳೆಸಿದೀಯಯ್ಯಾ" ಎಂದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಅದರ ತುದಿಯಿಂದ ಮುಚ್ಚಳವನ್ನು ಮೆಲ್ಲಗೆ ಎತ್ತಿದರು. ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪಕ್ಕದ ಇನ್ನೊಂದು ಹೂಜಿಯನ್ನೂ ನೋಡಿದರು. ಪುಸ್ತಕ ತೆರೆದು ಮೊದಲ ಪುಟವನ್ನು ಅವನ ಕಡೆ ತಿರುಗಿಸಿದರು. ಹೆಬ್ಬೆರಳಿನಷ್ಟು ಪುಟ್ಟ ಹೂಜಿಯ ಚಿತ್ರ ಅದು. ಮುಚ್ಚಳದ ಅಡಿಯಲ್ಲಿ ಸಣ್ಣ ಗೀಟೊಂದು ಬಾಗಿ ನಿಂತಿತ್ತು.

"ಮೊದಲನೇ ವರ್ಷದ್ದು. ಇಷ್ಟಿದ್ದಾಗಲೇ ಕೊಕ್ಕೆ ಇತ್ತು. ಇದಕ್ಕೆ ಎಲ್ಲಯ್ಯಾ?"

 ತಾಯಿಯ ಕಡೆ ಹೋಗಿದೆ ಎಂಬ ಮಾತು ಹೂಜಿಯ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಆ ಮುದುಕರು ಮೆಟ್ಟಿಲು ಹತ್ತಿ ಬಂದ ಪರಿ ಕಣ್ಣಮುಂದಿತ್ತು, "ಬರಬಹುದು, ಬರದೇನೂ ಇರಬಹುದು" ಎಂದ.

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಇದ್ದದ್ದು ಹೇಳು" ಎಂದರು ಮೇಷ್ಟ್ರು.

"ಗೊತ್ತಿಲ್ಲ ಮೇಷ್ಟ್ರೇ. ದೇವರಾಣೆ ಗೊತ್ತಿಲ್ಲ. ಪರಾಗ ಬೆರೆತುಹೋಗಿತ್ತು. ನಮ್ಮ ಫ್ರಿಜ್ಜು ಸರಿ ಇರಲಿಲ್ಲ."

ಹೆಂಡತಿಯ ಹೆಸರನ್ನು ಅವನು ಎತ್ತಲಿಲ್ಲ. ಆದರೆ ಆಕೆ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಬೆರೆಸಿದ್ದು ನಾನು" ಎಂದಳು.  ಮೇಷ್ಟ್ರು ಪುಸ್ತಕ ಮುಚ್ಚಿದರು. ಹೂಜಿ ಅವರ ಮುಖ ನೋಡಲಾರದೆ ಬೇರೆ ಕಡೆ ತಿರುಗಿದ. ಅವನಿಗೆ ಜೋರಾಗಿ ಅಳು ಬಂತು.

"ಸಾರ್, ಒಂದು ನಿಮಿಷ ಕೂತಿರಿ" ಎಂದು ಹೆಂಡತಿ ಸರಸರನೆ ಕೆಳಗೆ ಇಳಿದಳು. ಬರುವಾಗ ಆಕೆಯ ಕೈಯಲ್ಲಿ ಹಿಡಿಕೆ ಮುರಿದ ಒಂದು ಟೀ ಕಪ್ಪು ಇತ್ತು. ಕಪ್ಪಿನಲ್ಲಿ ಒಂದು ಸಸಿ. ಎಲೆಗಳು ಬಡಕಲು, ಬಣ್ಣ ಮಂಕು, ಇದ್ದದ್ದೇ ಎರಡು ಹೂಜಿ, ಅವೂ ಸೊಟ್ಟಗೆ.

"ಇದೇನಿದು?" ಎಂದ ಹೂಜಿ.

"ನೀವು ಕಸಕ್ಕೆ ಹಾಕು ಅಂದಿದ್ರಲ್ಲ, ಐವತ್ತಮೂರು. ಎಲ್ಲಾ ಹಾಕ್ದೆ. ಇದೊಂದು ತೀರಾ ಸಣ್ಣದಿತ್ತು, ನೀಲಿ ದಾರದ ಟ್ರೇಲಿ. ನನ್ನ ಕೈಯಿಂದ ಗೊಂದಲ ಆಗಿ ಹುಟ್ಟಿದ್ದು, ಎಸೆಯೋಕೆ ಮನಸ್ಸು ಬರಲಿಲ್ಲ. ಮಿಷನ್ ಪಕ್ಕದ ಕಿಟಕೀಲಿ ಇಟ್ಕೊಂಡಿದ್ದೆ."

"ಮೂರು ವರ್ಷದಿಂದ? ನಾನು ನೋಡೇ ಇಲ್ಲವಲ್ಲ!"

"ನೀವು ಆ ಕೋಣೆಗೆ ಬಂದ್ರೂ ದಾರ ಕೇಳೋಕೆ ಬರ್ತೀರಿ, ಇಲ್ಲ ನೆಲದ ಮೇಲೆ ಕೂತು ತಗಡು ನೋಡ್ತೀರಿ. ಕಿಟಕಿ ಯಾವತ್ತು ನೋಡಿದೀರಿ? ನಿಮ್ಮ ಕ್ಯಾನಿಂದಾನೇ ಒಂದೊಂದು ಲೋಟ ನೀರು ಕದೀತಿದ್ದೆ."

ಮೇಷ್ಟ್ರು ಕೈ ಚಾಚಿ ಕಪ್ಪು ತೆಗೆದುಕೊಂಡರು. ಪೆನ್ಸಿಲ್ಲಿನ ತುದಿಯಿಂದ ಮುಚ್ಚಳ ಎತ್ತಿದರು. ಈ ಸಲ ಬಗ್ಗಿ ನೋಡುವ ಬದಲು, ಕಿರುಬೆರಳಿನ ಉಗುರನ್ನು ಅಡಿಯಲ್ಲಿ ಮೆಲ್ಲಗೆ ಆಡಿಸಿದರು. ಉಗುರು ಸಿಕ್ಕಿಕೊಂಡಿತು.

"ಬಂದ್ಯೇನೋ ಯಜಮಾನ" ಎಂದರು. ಅಷ್ಟೇ. ಆಮೇಲೆ ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಹೂಜಿಗೂ ತೋರಿಸಿದರು. ಇತ್ತು. ಅಕ್ಕಿಯ ನುಚ್ಚಿನಷ್ಟೇ ಸಣ್ಣದು, ಆದರೆ ಬಾಗಿದ್ದು, ಚಿತ್ರದಲ್ಲಿದ್ದ ಹಾಗೇ ಬಾಗಿದ್ದು. ನೀಲಿ ಟ್ರೇಯಿಂದ, ಅಂಚೆಯವನದೆಂದು ಅವನು ನಂಬಿದ್ದ ಟ್ರೇಯಿಂದ.

ಮೇಷ್ಟ್ರು ಅಲ್ಲೇ, ಕಪ್ಪನ್ನು ಎದುರಿಗಿಟ್ಟುಕೊಂಡು ಇಪ್ಪತ್ತಮೂರನೆಯ ಚಿತ್ರ ಬರೆದರು. ಒಂದು ಗಂಟೆ ಹಿಡಿಯಿತು. ಹೂಜಿ ಅವರ ಪಕ್ಕದಲ್ಲಿ ಕೂತಿದ್ದ. ಅವನ ಕೆಂಪು ಗಿಡದ ಕಡೆ ಯಾರೂ ನೋಡುತ್ತಿರಲಿಲ್ಲ. ಅವನೂ ನೋಡಲಿಲ್ಲ.

"ತಗೊಂಡು ಹೋಗಿ ಮೇಷ್ಟ್ರೇ, ನಿಮ್ಮದು" ಎಂದ, ಅವರು ಹೊರಟಾಗ.

"ನಮ್ಮ ಪಕ್ಕದ ಮನೆಯಾಕೆ ಇನ್ನೂ ಗಟ್ಟಿಮುಟ್ಟಾಗಿದಾಳಯ್ಯಾ, ಗೊಬ್ಬರದ ಚೀಲಾನೂ ಖಾಲಿ ಆಗಿಲ್ಲ" ಎಂದು ಮೇಷ್ಟ್ರು ನಕ್ಕರು. ಕಪ್ಪನ್ನು ಹೂಜಿಯ ಕೈಗೆ ಕೊಡಲಿಲ್ಲ, ಅವನ ಹೆಂಡತಿಯ ಕೈಗೆ ಕೊಟ್ಟರು. "ಅದೇ ಕಿಟಕೀಲಿ ಇಡಮ್ಮಾ. ನಾನು ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗ್ತೀನಿ. ಕೆಳಗಿನ ಕೋಣೆ ಆದ್ರೆ ಮೆಟ್ಟಿಲೂ ಹತ್ತಬೇಕಾಗಿಲ್ಲ."

ಆಟೋ ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ಗೇಟಿನಲ್ಲಿ ನಿಂತಿದ್ದರು.

"ಆ ಐವತ್ತೆರಡರಲ್ಲಿ..." ಎಂದು ಶುರುಮಾಡಿದ ಹೂಜಿ.

"ಏನು?"

"ಎಷ್ಟಕ್ಕೆ ಕೊಕ್ಕೆ ಇತ್ತೋ?"

"ನಂಗೇನು ಗೊತ್ತು? ಕಸದ ಗಾಡಿಗೆ ಹಾಕಿ ಬಂದೆ. ನೀವೇ ತಾನೇ ಹೇಳಿದ್ದು?"

ಹೌದು, ಹೇಳಿದವನು ಅವನೇ. ಚೆಂದ ಇಲ್ಲದ್ದೆಲ್ಲ ಹೋಗಲಿ ಎಂದು ಬೆರಳು ತೋರಿಸಿ ಎಣಿಸಿದವನೂ ಅವನೇ. ಹೂಜಿ ಮಹಡಿಗೆ ಹೋಗಿ ತಗಡಿನ ಪಟ್ಟಿಯ ಮೇಲಿನ ಬಿಳಿ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆದ. ಕೆಂಪು ಗಿಡಕ್ಕೆ ಏನು ಬರೆಯಬೇಕೆಂದು ಹೊಳೆಯಲಿಲ್ಲ, ಖಾಲಿ ಪಟ್ಟಿಯನ್ನೇ ಸಿಕ್ಕಿಸಿದ. ಆಮೇಲೆ ಸಲಕರಣೆ ಪೆಟ್ಟಿಗೆ ಎತ್ತಿಕೊಂಡು ಕೆಳಗಿಳಿದು, ಅಡಿಗೆಮನೆಯ ಫ್ರಿಜ್ಜಿನ ಮುಂದೆ ಕಾಲು ಚಾಚಿ ಕೂತು, ಅದರ ಬಾಗಿಲು ಬಿಚ್ಚತೊಡಗಿದ.